ಅವ್ವ ಅಪ್ಪ ಗುಳೆ ಹೋದ ಮೇಲೆ ಹಾಸಿಗೆ ಒದ್ದೆ

ಪ್ರಶ್ನೆ: ತೊಗರಿ ರಾಶಿ ಆದ ಮ್ಯಾಲ ಮಗ, ಸೊಸಿ ಮುಂಬೈಗೆ ದುಡಿಲಕ್ಕ ಹೋಗ್ಯಾರ. ಆರು ವರ್ಷದ ಮೊಮ್ಮಗ ನನ್ನ ಬಲ್ಲಿ ಅದಾನ. ಎರಡು ವರ್ಷದಿಂದ ಹಾಸಿಗ್ಯಾಗ ಉಚ್ಚಿ ಹೊಯ್ತಿರಲಿಲ್ಲ, ಈಗ ದಿನಾ ಹೊಯ್ಲಕತ್ತಾನ. ಸಾಲಿಗಿ ಹೋಗಂದ್ರ ಹೊಟ್ಟಿ ನೋವು ಅಂತಾನ. ಎರಡು ಬಾರ್ಸು ಅಂತಾರ ಮಂದಿ. ಏನು ಮಾಡ್ಲಿ?
– ಒಬ್ಬ ಅಜ್ಜಿ, ಚಿಮ್ಮನಚೋಡ

ಉತ್ತರ: ಬಾರಿಸಬೇಡಿ ಅಮ್ಮಾ. ನಿದ್ದೆಯಲ್ಲಿ ಆಗುವುದಕ್ಕೆ ಎಚ್ಚರದಲ್ಲಿ ಪೆಟ್ಟು ಕೊಟ್ಟರೆ ಅಂಜಿಕೆ ಹೆಚ್ಚುತ್ತದೆ, ಅಷ್ಟೆ. ಐದು ವರ್ಷದೊಳಗಿನವರಲ್ಲಿ ಇದನ್ನು ನಾವು ಕಾಯಿಲೆ ಎನ್ನುವುದಿಲ್ಲ. ಆದರೆ ಆರು ತಿಂಗಳಿಗೂ ಹೆಚ್ಚು ನಿಂತಿದ್ದು ಮತ್ತೆ ಶುರುವಾದರೆ ಕಾರಣ ಹುಡುಕಬೇಕು. ಮೊದಲು ಆರೋಗ್ಯ ಕೇಂದ್ರದಲ್ಲಿ ಮೂತ್ರ ಪರೀಕ್ಷೆ ಮಾಡಿಸಿ. ಸೋಂಕು, ಸಕ್ಕರೆ ಎರಡನ್ನೂ ನೋಡಲಿ. ಮಲಬದ್ಧತೆಯಿಂದಲೂ ಹೀಗಾಗುತ್ತದೆ. ನೀರಡಿಕೆ ಹೆಚ್ಚಾಗಿ ಹುಡುಗ ಸೊರಗುತ್ತಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ.

ಇವೆಲ್ಲ ಸರಿಯಿದ್ದರೆ ಉಳಿಯುವುದು ಅಗಲಿಕೆಯ ದುಗುಡ. ಹೊಟ್ಟೆನೋವು ಅವನ ನಾಟಕವಲ್ಲ, ದುಗುಡಕ್ಕೆ ಮಕ್ಕಳ ಹೊಟ್ಟೆ ನಿಜವಾಗಿಯೂ ನೋಯುತ್ತದೆ. ಹಾಗೆಂದು ಮಗ–ಸೊಸೆಯನ್ನು ದೂರಲಾರೆ. ಮಳೆ ನಂಬಿದ ತೊಗರಿಯೊಂದರಿಂದ ವರ್ಷ ದೂಡಲಾಗದೆ ನಿಮ್ಮ ಚಿಂಚೋಳಿ ಕಡೆಯ ಹಳ್ಳಿ, ತಾಂಡಾಗಳು ಎಷ್ಟೋ ಕಾಲದಿಂದ ಗುಳೆ ಹೋಗುತ್ತಿವೆ. ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಕೊಟ್ಟ ವರದಿ, ಮಗುವಿಗೆ ತಾಯಿಯ ಅಥವಾ ತಾಯಿಯ ಜಾಗದಲ್ಲಿ ಕಾಯಂ ನಿಲ್ಲುವವರ ಎಡೆಬಿಡದ ಒಡನಾಟ ಬೇಕು ಎಂದಿತು. ಈಗ ಆ ಜಾಗ ನಿಮ್ಮದು. ಇವತ್ತು ಅತ್ತೆಯ ಮನೆ, ನಾಳೆ ಕಾಕಾನ ಮನೆ ಎಂದು ಅವನನ್ನು ತಿರುಗಿಸಬೇಡಿ. ಊಟ, ಶಾಲೆ, ನಿದ್ದೆ ದಿನವೂ ಅದದೇ ಹೊತ್ತಿಗೆ ಆಗಲಿ. ಮಲಗುವ ಮುಂಚೆ ಮೂತ್ರಕ್ಕೆ ಕಳಿಸಿ. ಒದ್ದೆ ಕೌದಿಯ ಸುದ್ದಿ ಓಣಿಗೆ ಮುಟ್ಟದಿರಲಿ.

ಹೆಚ್ಚು ಕೆಡಿಸುವುದು ಸುಳ್ಳು. ‘ನಾಳೆ ಬರ್ತಾರ’ ಎಂದು ಸಮಾಧಾನ ಮಾಡುತ್ತೇವೆ. ನಾಳೆ ಬಂದರೂ ಅವರು ಬರುವುದಿಲ್ಲ, ಹುಡುಗ ನಿಮ್ಮನ್ನೂ ನಂಬುವುದಿಲ್ಲ. ಯಾವ ಹಬ್ಬಕ್ಕೆ ಬರುತ್ತಾರೋ ಅದನ್ನೇ ಹೇಳಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ. ‘ಹಟ ಮಾಡಿದ್ರ ಅವ್ವ ಬರಲ್ಲ’ ಎಂಬ ಮಾತಂತೂ ಮನೆಯಲ್ಲಿ ಬೇಡವೇ ಬೇಡ. ರಾತ್ರಿ ಗೊತ್ತಾದ ಹೊತ್ತಿಗೆ ಫೋನ್ ಬರಲಿ, ‘ಓದಿದಿ?’ ಎಂಬ ವಿಚಾರಣೆಯಲ್ಲೇ ಅದು ಮುಗಿಯದಿರಲಿ.

ಎರಡು ತಿಂಗಳಲ್ಲಿ ಸುಧಾರಿಸದಿದ್ದರೆ, ಮಾತು–ಆಟ ಬಿಟ್ಟರೆ, ಮಕ್ಕಳ ವೈದ್ಯರನ್ನು ಕಾಣಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉಚಿತವಾಗಿ ಸಲಹೆ ಸಿಗುತ್ತದೆ.

ಗುಳೆ ಹೋಗುವ ಅವ್ವ–ಅಪ್ಪಂದಿರಲ್ಲಿ ಒಂದು ಕೇಳಿಕೆ: ಮಗು ಮಲಗಿದ್ದಾಗ ಮೆಲ್ಲಗೆ ಎದ್ದು ಹೋಗಬೇಡಿ. ಅತ್ತರೂ ಸರಿ, ಹೇಳಿಯೇ ಹೋಗಿ.