‘ಲಾಕ್ ತೆಗಿ’ ಅಂದರೆ ತೆಗೆಯಲೇಬೇಕೇ?

ಪೀಣ್ಯದಲ್ಲಿ ಸೆಕೆಂಡ್ ಶಿಫ್ಟ್ ಮುಗಿಸಿ ಬೈಕಿನಲ್ಲಿ ರೂಮಿಗೆ ಹೊರಟಿದ್ದೀರಿ ಎಂದುಕೊಳ್ಳಿ. ನಾಕಾಬಂದಿಯಲ್ಲಿ ಪೊಲೀಸರು ಕೈ ಅಡ್ಡ ಹಿಡಿದು ಡಿಎಲ್ ಕೇಳಿದರು, ತೋರಿಸಿದಿರಿ. ಆಮೇಲೆ, ‘ಫೋನ್ ಕೊಡು, ಲಾಕ್ ತೆಗಿ, ವಾಟ್ಸಾಪ್ ನೋಡಬೇಕು’ ಎಂದರೆ? ಡಿಎಲ್ ತೋರಿಸಲೇಬೇಕು, ಮೋಟಾರು ವಾಹನ ಕಾಯ್ದೆಯೇ ಹಾಗೆ ಹೇಳುತ್ತದೆ. ವಾಟ್ಸಾಪ್ ತೋರಿಸಿ ಎಂದು ಅದರಲ್ಲಿ ಎಲ್ಲೂ ಇಲ್ಲ.

ಫೋನಿನ ಪಾಸ್‌ವರ್ಡ್ ಬಗ್ಗೆ ವಿವರವಾದ ತೀರ್ಪು ಕೊಟ್ಟದ್ದು ನಮ್ಮ ಹೈಕೋರ್ಟೇ. ಡ್ರಗ್ಸ್ ಪ್ರಕರಣವೊಂದರಲ್ಲಿ ಆರೋಪಿಯ ಮೊಬೈಲ್ ಮತ್ತು ಇಮೇಲ್ ಪಾಸ್‌ವರ್ಡ್ ಪೊಲೀಸರಿಗೆ ಬೇಕಾಗಿತ್ತು. ‘ವೀರೇಂದ್ರ ಖನ್ನಾ ವಿರುದ್ಧ ಕರ್ನಾಟಕ ರಾಜ್ಯ’ ಎಂಬ ಆ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ 2021ರ ಮಾರ್ಚ್ 12ರಂದು ತೀರ್ಪಿತ್ತರು. ತನಿಖಾಧಿಕಾರಿ ಪಾಸ್‌ವರ್ಡ್ ಕೇಳಬಹುದು. ಕೊಡುವುದು ಬಿಡುವುದು ನಿಮಗೆ ಬಿಟ್ಟದ್ದು. ಕೊಡದಿದ್ದರೆ ಅವರು ಕೋರ್ಟಿಗೆ ಹೋಗಿ ಸರ್ಚ್ ವಾರಂಟ್ ತರಬೇಕು. ತುರ್ತು ಇದ್ದರೆ ವಾರಂಟ್ ಇಲ್ಲದೆಯೂ ಶೋಧಿಸಬಹುದು, ಆದರೆ ಕಾರಣವನ್ನು ಬರೆದಿಡಬೇಕು.

ಇಷ್ಟನ್ನೇ ಕೇಳಿ ‘ಪಾಸ್‌ವರ್ಡ್ ಕೊಡದಿರುವುದು ಮೂಲಭೂತ ಹಕ್ಕು’ ಎಂದು ಎದೆಯುಬ್ಬಿಸುವವರಿದ್ದಾರೆ. ಅದು ಅರ್ಧ ಸತ್ಯ. ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿದಂತಲ್ಲ, ಸಂವಿಧಾನದ 20(3)ನೇ ವಿಧಿ ಇಲ್ಲಿ ಅಡ್ಡ ಬರುವುದಿಲ್ಲ ಎಂದು ಅದೇ ತೀರ್ಪು ಹೇಳಿದೆ. ವಾರಂಟ್ ಬಂದ ಮೇಲೂ ಬಿಗಿ ಹಿಡಿದರೆ ಕೋರ್ಟ್ ನಿಮ್ಮ ವಿರುದ್ಧ ಅನುಮಾನ ತಾಳಬಹುದು. 2022ರಲ್ಲಿ ದೆಹಲಿಯ ಸಿಬಿಐ ವಿಶೇಷ ನ್ಯಾಯಾಲಯ ಬೇರೆ ರೀತಿ ಹೇಳಿತು ನಿಜ. ಬೆಂಗಳೂರಿನಲ್ಲಿ ನಡೆಯುವುದು ನಮ್ಮ ಹೈಕೋರ್ಟಿನ ಮಾತು.

ನನಗೆ ಹೆಚ್ಚು ಮುಖ್ಯವೆನಿಸುವುದು ತೀರ್ಪಿನ ಇನ್ನೊಂದು ಭಾಗ. ಫೋನಿನಲ್ಲಿ ಸಿಕ್ಕ ಫೋಟೊ, ಚಾಟ್‌ಗಳನ್ನು ಕೋರ್ಟಿನ ಲಿಖಿತ ಅನುಮತಿಯಿಲ್ಲದೆ ಮೂರನೆಯವರಿಗೆ ಕೊಟ್ಟರೆ ಅದು ತನಿಖಾಧಿಕಾರಿಯ ಕರ್ತವ್ಯಲೋಪ. ವಾರಂಟ್ ಕಣ್ಣಾರೆ ನೋಡಿ, ಫೋನ್ ಜಪ್ತಿಯಾದರೆ ಪಂಚನಾಮೆಯ ಪ್ರತಿ ಕೇಳಿ ಪಡೆಯಿರಿ. ರಸ್ತೆಯಲ್ಲಿ ಜಗಳ ಬೇಡ; ‘ಲಿಖಿತವಾಗಿ ಕೇಳಿ ಸಾರ್, ಕೊಡುತ್ತೇನೆ’ ಎಂದರೆ ಸಾಕು.

ಕೆಲಸದ ಜಾಗದಲ್ಲಿ ಫೋನ್ ತೋರಿಸಿ ಎಂದರೆ? ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳ ಎಚ್‌ಆರ್‌ಗೆ ವಾರಂಟಿನ ಅಧಿಕಾರವಿಲ್ಲ. ಕಂಪನಿಯೇ ಕೊಟ್ಟ ಫೋನಾದರೆ ಮಾತು ಬೇರೆ. ಸೇರುವಾಗ ಸಹಿ ಹಾಕಿದ ಕಾಗದ ತೆಗೆದು ಓದಿ.

ಇನ್ನು ಕಳ್ಳರ ವಿಷಯ. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂ ಪ್ರಕಾರ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಆದರೆ ಪಿನ್, ಓಟಿಪಿಯನ್ನು ನೀವೇ ಬಾಯಿಬಿಟ್ಟು ಹೇಳಿದ್ದರೆ, 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆಯಂತೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದೇ. ತಿಳಿಸಿದ ಮೇಲಿನದು ಬ್ಯಾಂಕಿನದು. ಆದ್ದರಿಂದ ಮೊದಲು ಬ್ಯಾಂಕ್, ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930, ಆಮೇಲೆ ಠಾಣೆ. ‘ಇದು ನಮ್ಮ ವ್ಯಾಪ್ತಿ ಅಲ್ಲ’ ಎಂದು ವಾಪಸ್ ಕಳಿಸುವಂತಿಲ್ಲ. ಝೀರೋ ಎಫ್‌ಐಆರ್ ಎಲ್ಲಿ ಬೇಕಾದರೂ ದಾಖಲಾಗಬೇಕು.

ಫೋನೇ ಕಳೆದುಹೋದ ದಿನ ಅದರಲ್ಲಿ ಸೇವ್ ಮಾಡಿದ ನಂಬರ್ ಕೆಲಸಕ್ಕೆ ಬಾರದು. 1930 ಬಾಯಿಪಾಠವಿರಲಿ.