ಚಾಕಿ ಮನೆಯ ಥರ್ಮೋಸ್ಟಾಟಿಗೆ ಯಾವ ತಂತಿ?

ಕೆಂಗೇರಿಯಿಂದ ಬಿಡದಿ, ರಾಮನಗರದ ಕಡೆಗೆ ಹಬ್ಬಿರುವ ರೇಷ್ಮೆ ಸೀಮೆಯಲ್ಲಿ ಡಿಸೆಂಬರ್-ಜನವರಿ ರಾತ್ರಿಗಳ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯುವುದುಂಟು. ಚಾಕಿ ಹುಳುವಿಗಾದರೋ 27ರಿಂದ 28 ಡಿಗ್ರಿ ಶಾಖವೂ ಶೇಕಡ 85ರಿಂದ 90ರಷ್ಟು ತೇವಾಂಶವೂ ಬೇಕು. ಚಳಿ ತಗುಲಿದ ಹುಳು ಸೊಪ್ಪು ಸರಿಯಾಗಿ ಮೇಯದು, ಒಂದೇ ಸಮನೆ ಜ್ವರಕ್ಕೆ ಕೂರದು. ಇದ್ದಿಲ ಒಲೆಗಿಂತ ಥರ್ಮೋಸ್ಟಾಟ್ ಇರುವ ವಿದ್ಯುತ್ ಹೀಟರ್ ಎಷ್ಟೋ ಮೇಲು. ಆದರೆ ಥರ್ಮೋಸ್ಟಾಟ್ ಅಂಗೈಯಷ್ಟು ಚಿಕ್ಕದೆಂದು ಅದಕ್ಕೆ ದೀಪದ ತಂತಿಯನ್ನೇ ಜೋಡಿಸುವ ರೂಢಿ ಅಪಾಯಕರ.

ಸಾಮಾನ್ಯ ಥರ್ಮೋಸ್ಟಾಟ್ ಒಂದು ಸ್ವಿಚ್ಚೇ ಸರಿ. ಹೀಟರಿನ ಪೂರ್ತಿ ಕರೆಂಟು ಅದರ ಮೂಲಕವೇ ಹರಿಯುತ್ತದೆ. 2000 ವ್ಯಾಟ್ ಹೀಟರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಮೀಟರ್ ಹಲಗೆಯಿಂದ ಹುಳು ಮನೆಗೆ 30 ಮೀಟರ್ ದೂರವಿದ್ದರೆ, ಹೋಗಿ ಬರುವ ತಂತಿಯ ಉದ್ದ 60 ಮೀಟರ್. 1 ಚದರ ಮಿಲಿಮೀಟರ್ ತಾಮ್ರದ ತಂತಿಯಾದರೆ ದಾರಿಯಲ್ಲೇ 9 ವೋಲ್ಟಿಗೂ ಹೆಚ್ಚು ಕಳೆದುಹೋಗಿ, ಸುಮಾರು 80 ವ್ಯಾಟ್ ಶಕ್ತಿ ತಂತಿಯನ್ನೇ ಕಾಯಿಸುತ್ತದೆ. 2.5 ಚದರ ಮಿಲಿಮೀಟರಿನದಾದರೆ ನಷ್ಟ 4 ವೋಲ್ಟಿನೊಳಗೆ. ಆದುದರಿಂದ ಫೇಸ್, ನ್ಯೂಟ್ರಲ್, ಅರ್ತ್ ಮೂರಕ್ಕೂ 2.5ರ ತಾಮ್ರದ ತಂತಿಯನ್ನೇ ಹಾಕಿಸತಕ್ಕದ್ದು. ಸೋಗೆ ಅಥವಾ ಹುಲ್ಲಿನ ಮಾಡಿನ ಕೆಳಗೆ ಎಳೆಯುವಾಗ ಪೈಪಿನೊಳಗೇ ಎಳೆಯಬೇಕು. ತಂತಿಯಲ್ಲಿ ಉಳಿಸಿದ ಹಣ ಒಂದು ಬೆಳೆಯ ಬೆಲೆಗೆ ಸಮನಲ್ಲ.

ಥರ್ಮೋಸ್ಟಾಟನ್ನು ಫೇಸ್ ತಂತಿಯಲ್ಲೇ ಕೂರಿಸಬೇಕು. ನ್ಯೂಟ್ರಲಿನಲ್ಲಿ ಕೂರಿಸಿದರೂ ಹೀಟರ್ ಆರಿ ಹೊತ್ತುವುದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಆದರೆ ಆರಿದ ಹೀಟರಿನ ಸುರುಳಿಯಲ್ಲಿ ಆಗಲೂ ಕರೆಂಟು ಇರುತ್ತದೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಸೊಪ್ಪು ಹಾಕುವ ಹೆಣ್ಣುಮಕ್ಕಳ ಪ್ರಾಣಕ್ಕೆ ಇದು ಕುತ್ತು. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದೆ ಹುಳು ಮನೆಯಲ್ಲಿ ಹೀಟರ್ ಹಚ್ಚಲೇಬಾರದು.

ಎರಡು ಮೂರು ಹೀಟರುಗಳಿದ್ದರೆ ಅಷ್ಟು ಹೊರೆಯನ್ನು ಥರ್ಮೋಸ್ಟಾಟಿನ ಮೇಲೆ ಹೇರದೆ ನಡುವೆ ಕಾಂಟ್ಯಾಕ್ಟರ್ ಹಾಕಿಸುವುದು ಕ್ರಮ. ಆಗ ಥರ್ಮೋಸ್ಟಾಟಿನಿಂದ ಕಾಂಟ್ಯಾಕ್ಟರಿಗೆ 1 ಚದರ ಮಿಲಿಮೀಟರ್ ತಂತಿ ಸಾಕು. ಹೀಟರುಗಳ ದಪ್ಪ ತಂತಿ ಮಾತ್ರ ಕಡಿಮೆಯಾಗಕೂಡದು.

ಬ್ಲೀಚಿಂಗ್ ಪುಡಿಯ ದ್ರಾವಣ ಸಿಂಪಡಿಸುವ ಕೋಣೆಯಲ್ಲಿ ತಾಮ್ರದ ತುದಿಗಳು ಬೇಗ ಕಿಲುಬು ಹಿಡಿಯುತ್ತವೆ. ಸೆನ್ಸರ್ ಬೇರೆಯಾಗಿರುವ ಥರ್ಮೋಸ್ಟಾಟನ್ನೇ ಕೊಂಡು, ಪೆಟ್ಟಿಗೆಯನ್ನು ಗೋಡೆಯ ಹೊರಗಿಟ್ಟು ಸೆನ್ಸರನ್ನಷ್ಟೇ ಒಳಗೆ, ನಡುವಿನ ತಟ್ಟೆಗಳ ಎತ್ತರದಲ್ಲಿ, ಹೀಟರಿನಿಂದಲೂ ಬಾಗಿಲಿನಿಂದಲೂ ದೂರಕ್ಕೆ ತೂಗುಬಿಡಬೇಕು. ಸೆನ್ಸರಿನ ಸಣ್ಣ ತಂತಿ ಹೀಟರ್ ತಂತಿಯ ಪೈಪಿನಲ್ಲಿ ಬರಕೂಡದು.

ಚಾಕಿ ಕಟ್ಟುವ ಹಿಂದಿನ ದಿನ ಹೀಟರನ್ನು ಒಂದು ಗಂಟೆ ಓಡಿಸಿ, ಮೇನ್ ಸ್ವಿಚ್ ಆರಿಸಿ ಪ್ಲಗ್ಗಿನ ಮೈ ಮುಟ್ಟಿ ನೋಡಬೇಕು. ಬಿಸಿಯಾಗಿದ್ದರೆ ಸ್ಕ್ರೂ ಸಡಿಲವಾಗಿದೆ, ಇಲ್ಲವೆ ತಂತಿ ಸಣ್ಣದು. ಥರ್ಮೋಸ್ಟಾಟಿನ ಬಿಂದುಗಳು ಬೆಸೆದುಕೊಂಡರೆ ಹೀಟರ್ ಆರುವುದೇ ಇಲ್ಲವಾದ್ದರಿಂದ ತಟ್ಟೆಯ ಬಳಿ ಒಂದು ಸಾದಾ ಉಷ್ಣಮಾಪಕ ತೂಗುಹಾಕಿ, ರಾತ್ರಿಯಲ್ಲಿ ಒಮ್ಮೆಯಾದರೂ ಎದ್ದು ನೋಡುವುದು ಅಗತ್ಯ.