ಸರ್ವರ್ ಸೇವೆಗಳ ಆರಂಭ ಮತ್ತು ನಿಲುಗಡೆ: ಶೆಲ್ ಸ್ಕ್ರಿಪ್ಟ್ ಬರೆಯುವ ಕ್ರಮ

ದಾಸ್ತಾನು, ಬಿಲ್ಲು ಹಾಗೂ ಖಾತೆಗಳ ಲೆಕ್ಕವನ್ನು ಲಿನಕ್ಸ್ ಸರ್ವರಿನಲ್ಲಿ ಇರಿಸುವ ಉದ್ದಿಮೆದಾರರು ಸೇವೆಗಳನ್ನು ಆರಂಭಿಸಲು ತೋರುವ ಆಸ್ಥೆಯನ್ನು ಅವುಗಳನ್ನು ನಿಲ್ಲಿಸುವಲ್ಲಿ ತೋರುವುದು ವಿರಳ. ವಿದ್ಯುತ್ ಕಡಿತವಾಗಿ ಯುಪಿಎಸ್ ಬ್ಯಾಟರಿ ಬರಿದಾಗುವಾಗ ಡೇಟಾಬೇಸ್ ಇನ್ನೂ ಬರೆಯುತ್ತಿದ್ದರೆ ಕೊನೆಯ ನಮೂದುಗಳು ನಷ್ಟವಾಗಬಹುದು. ಕೆಲವೊಮ್ಮೆ ಕಡತವೇ ಕೆಡಬಹುದು. ಆದುದರಿಂದ ಈ ಪಾಠದಲ್ಲಿ ನಿಲುಗಡೆಗೆ ಹೆಚ್ಚಿನ ಗಮನ ನೀಡಲಾಗಿದೆ.

ಸ್ಕ್ರಿಪ್ಟಿನ ರಚನೆ

ಸೇವೆಯೆಂದರೆ ತೆರೆಯ ಹಿಂದೆ ಸದಾ ನಡೆಯುತ್ತಿರುವ ಪ್ರೋಗ್ರಾಂ. ಶೆಲ್ ಸ್ಕ್ರಿಪ್ಟ್ ಎಂದರೆ ಆದೇಶಗಳನ್ನು ಕ್ರಮವಾಗಿ ಬರೆದಿಟ್ಟ ಸಾಮಾನ್ಯ ಪಠ್ಯ ಕಡತ. ಸೇವೆಯ ಸ್ಕ್ರಿಪ್ಟಿನಲ್ಲಿ ‘ಕೇಸ್’ ರಚನೆಯ ಮೂಲಕ ಸ್ಟಾರ್ಟ್, ಸ್ಟಾಪ್, ರೀಸ್ಟಾರ್ಟ್, ಸ್ಟೇಟಸ್ ಎಂಬ ನಾಲ್ಕು ಪದಗಳಿಗೆ ನಾಲ್ಕು ವಿಭಾಗಗಳನ್ನು ಬರೆಯುವುದು ರೂಢಿ.

ಆರಂಭ

ಆರಂಭವಾದ ಪ್ರೋಗ್ರಾಮಿನ ಕ್ರಮಸಂಖ್ಯೆಯನ್ನು ‘ಪಿಐಡಿ’ ಕಡತದಲ್ಲಿ ಬರೆದಿಡಬೇಕು. ವಿದ್ಯುತ್ ಹಠಾತ್ತನೆ ಹೋದಾಗ ಹಳೆಯ ಪಿಐಡಿ ಕಡತ ಉಳಿದುಬಿಡುವುದುಂಟು. ಕಡತವಿದೆಯೆಂದ ಮಾತ್ರಕ್ಕೆ ಸೇವೆ ನಡೆಯುತ್ತಿದೆಯೆಂದು ಭಾವಿಸದೆ, ಆ ಸಂಖ್ಯೆಯ ಪ್ರೋಗ್ರಾಂ ಜೀವಂತವಿದೆಯೇ, ಅದು ನಮ್ಮದೇ ಸೇವೆಯೇ ಎಂದು ಪರಿಶೀಲಿಸಬೇಕು.

ನಿಲುಗಡೆ

ಮೊದಲು 15ನೇ ಸಂಕೇತವನ್ನು ಕಳುಹಿಸಬೇಕು. ಇದು ಕೈಯಲ್ಲಿರುವ ಕೆಲಸ ಮುಗಿಸಿ ನಿಲ್ಲಲು ನೀಡುವ ಸೂಚನೆ. ಬಳಿಕ ಸೆಕೆಂಡಿಗೊಮ್ಮೆ ಪರಿಶೀಲಿಸುತ್ತ, ಪ್ರೋಗ್ರಾಂ ನಿಜವಾಗಿ ನಿಲ್ಲುವವರೆಗೆ ಕಾಯಬೇಕು. ಅನಂತರವೇ ಪಿಐಡಿ ಕಡತವನ್ನು ಅಳಿಸಬೇಕು. 9ನೇ ಸಂಕೇತವು ಪ್ರೋಗ್ರಾಮಿಗೆ ಯಾವ ಅವಕಾಶವನ್ನೂ ಕೊಡದೆ ಕೊನೆಗಾಣಿಸುತ್ತದೆ. ಲೆಕ್ಕದ ಡೇಟಾಬೇಸಿಗೆ ಇದನ್ನು ಬಳಸುವುದು ಬರೆಯುತ್ತಿರುವ ಗುಮಾಸ್ತನ ಕೈಯಿಂದ ಖಾತೆ ಪುಸ್ತಕವನ್ನು ಕಿತ್ತುಕೊಂಡಂತೆ.

ಕ್ರಮವೂ ಮುಖ್ಯ. ಡೇಟಾಬೇಸ್ ಮೊದಲು, ಬಿಲ್ಲಿಂಗ್ ಅನಂತರ ಆರಂಭವಾಗಬೇಕು. ನಿಲ್ಲಿಸುವಾಗ ಇದು ತಿರುಗುಮುರುಗಾಗಬೇಕು.

ಇಂದಿನ ಪದ್ಧತಿ

ಹಿಂದೆ ಇಂತಹ ಸ್ಕ್ರಿಪ್ಟುಗಳು ‘ಇನಿಟ್.ಡಿ’ ಕೋಶದಲ್ಲಿ ಇರುತ್ತಿದ್ದವು. 2010ರಲ್ಲಿ ಬಂದ ‘ಸಿಸ್ಟಂಡಿ’ಯನ್ನು ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 2014ರಲ್ಲಿಯೂ ಡೆಬಿಯನ್ 2015ರಲ್ಲಿಯೂ ಅಳವಡಿಸಿಕೊಂಡವು. ಇದರಲ್ಲಿ ‘ಯೂನಿಟ್’ ಎಂಬ ಚಿಕ್ಕ ಕಡತವನ್ನು ಬರೆದು, ಅದರಿಂದಲೇ ನಮ್ಮ ಸ್ಕ್ರಿಪ್ಟನ್ನು ಕರೆಯಬಹುದು. ‘ಆಫ್ಟರ್’ ಎಂಬ ಸಾಲಿನಲ್ಲಿ ಆರಂಭದ ಕ್ರಮವನ್ನು ತಿಳಿಸಿದರೆ ನಿಲುಗಡೆಯು ತಾನಾಗಿ ವಿರುದ್ಧ ಕ್ರಮದಲ್ಲಿ ನಡೆಯುತ್ತದೆ. ಆದರೆ ಸಾಮಾನ್ಯವಾಗಿ 90 ಸೆಕೆಂಡುಗಳೊಳಗೆ ನಿಲ್ಲದ ಸೇವೆಯನ್ನು ಅದು ಬಲವಂತವಾಗಿ ಕೊನೆಗಾಣಿಸುತ್ತದೆ. ದೊಡ್ಡ ಡೇಟಾಬೇಸ್ ಇರುವವರು ಈ ಅವಧಿಯನ್ನು ಹೆಚ್ಚಿಸಿಕೊಳ್ಳುವುದು ಕ್ಷೇಮ.

ರಜಾದಿನದಂದು ಬ್ಯಾಕಪ್ ತೆಗೆದುಕೊಂಡು, ಸೇವೆಗಳೆಲ್ಲ ನಿಲ್ಲಲು ಎಷ್ಟು ಸಮಯ ಬೇಕೆಂದು ಗಡಿಯಾರ ಹಿಡಿದು ಅಳೆಯಿರಿ. ಯುಪಿಎಸ್ ಕನಿಷ್ಠ ಅದರ ಎರಡರಷ್ಟು ಸಮಯವಾದರೂ ವಿದ್ಯುತ್ ಒದಗಿಸುವಂತಿರಲಿ.